ಬಲಮೂಲೆಯ ಮೂರು ಗುಂಡಿಗಳು

ದರ್ಜಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಬೀದಿಯವರೆಲ್ಲ ಅವನನ್ನು ಗೊತ್ತಪ್ಪ ಎಂದೇ ಕರೆಯುತ್ತಿದ್ದರು. "ಇವತ್ತು ನಲ್ಲೀಲಿ ನೀರು ಬರಲ್ವಂತೆ" ಅಂದರೆ ಅವನು "ಗೊತ್ತಪ್ಪ" ಅನ್ನುತ್ತಿದ್ದ. "ನಾಳೆ ಬಸ್ ಇಲ್ವಂತೆ" ಅಂದರೆ "ಗೊತ್ತಪ್ಪ." ಒಮ್ಮೆ ಕೆಳಗಿನ ಬೇಕರಿಯವನು ಬೇಕೆಂದೇ, "ಚಂದ್ರನ ಮೇಲೆ ದರ್ಜಿ ಅಂಗಡಿ ಇಟ್ಟಿದ್ದಾರಂತೆ" ಅಂದಾಗಲೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಗೊತ್ತಪ್ಪ. ಆದ್ರೆ ಅಲ್ಲಿ ಹೊಲಿಗೆ ನಿಲ್ಲಲ್ಲ" ಅಂದಿದ್ದ.

ಅಂಗಡಿ, ಮನೆ ಎಲ್ಲ ಸೇರಿ ಬೇಕರಿಯ ಮೇಲಿನ ಮಹಡಿ. ಮುಂದಿನ ಕೋಣೆಯಲ್ಲಿ ಬೀದಿಗೆ ತೆರೆದ ಕಿಟಕಿ, ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೂ ತೋಳಿಲ್ಲದ ಅಂಗಿಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಒಳಗೆ ಅಡುಗೆಮನೆ, ಮಲಗುವ ಕೋಣೆ, ಅಲ್ಲಿ ಸಂಸಾರ. ಸಂಸಾರ ಅಂದರೆ ಅವನು, ಅವನ ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ಸಿಸ್ಟರಮ್ಮ.

ಸಿಸ್ಟರಮ್ಮನನ್ನು ಸಮುದ್ರದಾಚೆಯ ದೊಡ್ಡದೊಂದು ಮಕ್ಕಳ ಆಸ್ಪತ್ರೆಗೆ ಒಂದು ವರ್ಷದ ಮಟ್ಟಿಗೆ ಆರಿಸಿದರು. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಬಂದ ಅವಕಾಶ. ಅವಳು ಸುದ್ದಿ ತಂದ ದಿನ ಬಾಗಿಲಲ್ಲೇ ನಿಂತು ಕೇಳಿದಳು. "ಹೋಗ್ಲಾ?"

"ಹೋಗು. ಒಂದು ವರ್ಷ ತಾನೆ?"

"ನಿಮ್ಮ ಕಥೆ?"

"ನನ್ನದೇನು? ಅಡುಗೆ ಗೊತ್ತು, ಬಟ್ಟೆ ಒಗೆಯೋದು ಗೊತ್ತು, ಒಬ್ಬನೇ ಇರೋದೂ ಗೊತ್ತು."

ಈ ಮೂರರಲ್ಲಿ ಒಂದೂ ಅವನಿಗೆ ಗೊತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಹೊರಟಳು, ಯಾಕೆಂದರೆ ಅವನು ಬೇಡ ಅಂದಿದ್ದರೆ ನಿಂತುಬಿಡುತ್ತಿದ್ದಳು, ಅವನು ಬೇಡ ಅನ್ನಲಿಲ್ಲ.

ಹೊರಡುವ ಮುನ್ನ ಅವಳು ಮಾಡಿದ ಬುದ್ಧಿವಂತಿಕೆಯ ಕೆಲಸವೆಂದರೆ ಮನೆಗೊಂದು ಕಂಪ್ಯೂಟರ್ ತರಿಸಿದ್ದು. ಎದುರು ಕಟ್ಟಡದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮಿಸ್ಸು ತಮ್ಮಲ್ಲಿದ್ದ ಹಳೆಯದೊಂದನ್ನು ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟು, ಮೇಲೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿ, ಪಾಠಕ್ಕೆ ಕೂತರು. ಅಂಥ ಪಾಠ ಅವರ ಆಯುಷ್ಯದಲ್ಲೇ ನಡೆದಿರಲಿಲ್ಲ.

"ನೋಡಿ, ಪರದೆ ಮೇಲೆ ತೆರೆಯೋ ಈ ಚೌಕಕ್ಕೆ ವಿಂಡೋ ಅಂತಾರೆ. ಕಿಟಕಿ."

"ಗೊತ್ತಪ್ಪ."

"ಇದರ ನೆತ್ತಿ ಮೇಲೆ ಒಂದು ಪಟ್ಟಿ ಇದೆಯಲ್ಲ..."

"ಗೊತ್ತಪ್ಪ."

"ನಾನಿನ್ನೂ ಹೇಳೇ ಇಲ್ವಲ್ರೀ!"

"ನೀವು ಬಾಯಿ ತೆಗೆದಾಗ್ಲೇ ಗೊತ್ತಾಯ್ತು."

ಮಿಸ್ಸು ಸಿಸ್ಟರಮ್ಮನ ಮುಖ ನೋಡಿದರು. ಸಿಸ್ಟರಮ್ಮ ಸೂಟ್‌ಕೇಸಿನ ಮುಂದೆ ಕೂತಲ್ಲಿಂದಲೇ, "ರೀ, ಸ್ವಲ್ಪ ಕಿವಿಗೊಡ್ರಿ" ಅಂದಳು.

"ಸರಿ, ಬಲಮೂಲೇಲಿ ಮೂರು ಗುಂಡಿ ಇವೆ," ಎಂದು ಮಿಸ್ಸು ಉಸಿರು ಬಿಗಿಹಿಡಿದು ಮುಂದುವರಿಸಿದರು. "ಇವೇ ಮುಖ್ಯ."

"ಮಿಸ್, ಬುದ್ಧಿ ಬಂದಾಗಿನಿಂದ ಗುಂಡಿ ಹೊಲಿದುಕೊಂಡು ಬಂದವನು ನಾನು. ನನಗೇ ಗುಂಡಿ ಪಾಠಾನಾ?"

ಮಿಸ್ಸು ಕೈಚೀಲ ಎತ್ತಿಕೊಂಡು ಎದ್ದರು. ಹೋಗುವಾಗ ಒಂದನ್ನು ಮಾತ್ರ ಗಿಣಿಗೆ ಕಲಿಸಿದ ಹಾಗೆ ಕಲಿಸಿದರು. ಕಂಪ್ಯೂಟರ್ ಗಂಟೆ ಬಾರಿಸಿದರೆ ಹಸಿರು ಗುರುತು ಒತ್ತುವುದು. ಮಿಕ್ಕಿದ್ದು ದೇವರಿಗೆ ಬಿಟ್ಟಿದ್ದು.

ಅವಳು ಹೋದಳು. ಭಾನುವಾರಕ್ಕೊಂದು ಕರೆ ಅಂತ ನಿಗದಿಯಾಯಿತು. ಗೊತ್ತಪ್ಪ ಅವತ್ತು ಮದುವೆಗೆ ಹೊರಟವನ ಹಾಗೆ ಮಿಂದು, ಇಸ್ತ್ರಿ ಅಂಗಿ ತೊಟ್ಟು, ಕ್ರಾಪು ತೀಡಿ, ಗಂಟೆ ಹೊಡೆಯುವುದಕ್ಕೆ ಎಷ್ಟೋ ಮೊದಲೇ ಮೇಜಿನ ಮುಂದೆ ಕೂತಿರುತ್ತಿದ್ದ. ಇಷ್ಟೆಲ್ಲ ಸಡಗರಪಟ್ಟು ಆಡುತ್ತಿದ್ದ ಮಾತಾದರೂ ಏನು?

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು. ಮತ್ತೆ?"

"ಮತ್ತೇನಿಲ್ಲ. ನೀವು ಹೇಳಿ."

"ಹೇಳೋಕೇನಿದೆ? ಎಲ್ಲಾ ಚೆನ್ನಾಗಿದೆ. ಮತ್ತೆ?"

'ಮತ್ತೆ' ಎಂಬ ಎರಡಕ್ಷರಕ್ಕೆ ಇಷ್ಟು ದುಡಿಮೆ ಕೊಟ್ಟ ದಂಪತಿ ಇನ್ನಾರೂ ಇರಲಿಕ್ಕಿಲ್ಲ. ಅದಾದ ಮೇಲೆ ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ಕೂರುತ್ತಿದ್ದರು. ಪರದೆಯ ಮೂಲೆಯಲ್ಲಿ ಅಂಗೈಯಗಲದ ಕಿಟಕಿ. ಅದರೊಳಗೆ ಕಾಸಗಲದ ಮುಖ. ಅವಳ ಕಡೆ ಯಾರೋ ಕರೆಯುತ್ತಿದ್ದರು, ಅವಳು "ಇಡ್ಲಾ?" ಅನ್ನುತ್ತಿದ್ದಳು, ಇವನು "ಇಡು ಇಡು, ನಂಗೂ ಕೆಲಸ ಇದೆ" ಅನ್ನುತ್ತಿದ್ದ. ಕಿಟಕಿ ತಾನಾಗಿ ಮಾಯವಾಗುತ್ತಿತ್ತು. ಇವನ ಕೆಲಸವೆಂದರೆ ಮುಂದಿನ ಭಾನುವಾರಕ್ಕೆ ಕಾಯುವುದು.

ಒಂದು ಶನಿವಾರ ಅವನು ಮಿಸ್ಸಿನ ಬಳಿ ಹೋಗಿ, ಅವಳ ದನಿ ಸಣ್ಣಗೆ ಕೇಳುತ್ತದೆ ಅಂತ ದೂರಿದ. ಅವರು ಎರಡು ದೊಡ್ಡ ಸ್ಪೀಕರ್ ತಂದು ಜೋಡಿಸಿಕೊಟ್ಟರು. ಮಾರನೆಯ ದಿನ ನಡೆದ ಅನಾಹುತಕ್ಕೆ ಈ ಸ್ಪೀಕರುಗಳೂ ಪಾಲುದಾರರು.

ಭಾನುವಾರ ಗಂಟೆ ಹೊಡೆಯಿತು, ಹಸಿರು ಒತ್ತಿದ. "ರೀ, ಹೇಗಿದ್ದೀರಾ?" ಎಂಬ ಮಾತು ಕೋಣೆ ತುಂಬಿ, ಕಿಟಕಿ ದಾಟಿ, ಕೆಳಗಿನ ಬೇಕರಿಯ ಬಿಸ್ಕತ್ತಿನ ಡಬ್ಬಿಗಳನ್ನು ಅದುರಿಸಿತು. ಬೇಕರಿಯವನು ತಟ್ಟೆ ಕೆಳಗಿಟ್ಟ. ಬೀಟಿಗೆ ಬಂದಿದ್ದ ಪೊಲೀಸಪ್ಪ ಅಲ್ಲೇ ನಿಂತು ಬನ್ ತಿನ್ನುತ್ತಿದ್ದ. ಬೀದಿಯ ಆಚೆಬದಿಯಲ್ಲಿ ಹಾಸಿಗೆ ಅಂಗಡಿಯ ಯಜಮಾನ ಬಾಗಿಲು ತೆಗೆಯುತ್ತಿದ್ದ. ಇವನು ಸಿಸ್ಟರಮ್ಮನ ಸ್ವಂತ ಅಣ್ಣ.

"ಯಜಮಾನ್ರೇ!" ಎಂದು ಬೇಕರಿಯವನು ಕೂಗಿದ. "ನಿಮ್ಮ ತಂಗಿ ಬಂದುಬಿಟ್ಟಿದ್ದಾರಲ್ಲ, ಹೇಳಲೇ ಇಲ್ಲ ನೀವು!"

"ಯಾರು ಹೇಳಿದ್ದು?"

"ಹೇಳೋದೇನು, ಮೇಲೆ ಮಾತಾಡ್ತಿದ್ದಾರೆ. ಕೇಳಿ."

ಅಣ್ಣ ಕಿವಿಗೊಟ್ಟ. ಹೌದು, ತಂಗಿಯದೇ ದನಿ. ಅವನ ಮುಖ ಊದಿಕೊಂಡಿತು. "ಒಡಹುಟ್ಟಿದವನಿಗೆ ಒಂದು ಮಾತಿಲ್ಲ! ಎಲ್ಲಾ ಆ ಗೊತ್ತಪ್ಪನ ಕಿತಾಪತಿ."

ಮೇಲೆ ಗೊತ್ತಪ್ಪನಿಗೆ ಬೇರೆಯದೇ ಚಿಂತೆ ಹತ್ತಿತ್ತು. ದೊಡ್ಡ ಸ್ಪೀಕರಿನಲ್ಲಿ ಅವಳ ದನಿ ಸ್ಪಷ್ಟವಾಗಿ ಕೇಳಿದ್ದೇ ತಪ್ಪಾಯಿತು. ದನಿ ಒಡೆದಿತ್ತು. "ಏನಿಲ್ಲ, ಶೀತ," ಅಂದಳು. ಕೆನ್ನೆ ಇಳಿದ ಹಾಗಿತ್ತು. ಇಳಿದಿದೆಯೋ, ಬೆಳಕು ಹಾಗೆ ಬಿದ್ದಿದೆಯೋ, ಕಾಸಗಲದ ಮುಖದಲ್ಲಿ ಹೇಗೆ ಗೊತ್ತಾಗಬೇಕು? ಮೂಗು ಪರದೆಗೆ ತಾಗುವಷ್ಟು ಬಗ್ಗಿದ. ಆಗ ಬಲಮೂಲೆಯ ಮೂರು ಗುಂಡಿಗಳು ಕಣ್ಣಿಗೆ ಬಿದ್ದವು. ಒಂದು ಅಡ್ಡಗೆರೆ, ಒಂದು ಚೌಕ, ಒಂದು ಇಂಟು ಗುರುತು. ಅಡ್ಡಗೆರೆ ಅಂದರೆ ಅಳತೆ ಟೇಪು ಎಳೆದ ಹಾಗೆ, ಅಗಲ ಮಾಡುವುದು ಇದೇ ಎಂದು ದರ್ಜಿಯ ಬುದ್ಧಿ ಹೇಳಿತು. ಒತ್ತಿದ.

ಸಿಸ್ಟರಮ್ಮ ಕಿಟಕಿಯ ಸಮೇತ ಸೊರಗಿ, ಕುಗ್ಗಿ, ಸರ್ರನೆ ಪರದೆಯ ತಳಕ್ಕೆ ಇಳಿದು ಮಾಯವಾದಳು.

"ಏಯ್! ಎಲ್ಲಿ ಹೋದೆ?"

"ಇಲ್ಲೇ ಇದ್ದೀನಲ್ರೀ," ಅಂತು ದನಿ.

ಇಲ್ಲೇ ಅಂದರೆ ಎಲ್ಲಿ? ಅವನು ಮೇಜಿನ ಕೆಳಗೆ ನೋಡಿದ. ಪರದೆಯನ್ನು ಎತ್ತಿ ತಿರುಗಿಸಿ ಅದರ ಬೆನ್ನ ಹಿಂದೆ ಇಣುಕಿದ. ಹಾಗೆ ಎಳೆದಾಡುವಾಗ ಸ್ಪೀಕರಿನ ವೈರು ಕಿತ್ತು ಬಂತು. ದನಿಯೂ ನಿಂತಿತು. ಪರದೆಯನ್ನು ಮೊದಲಿನಂತೆ ತಿರುಗಿಸಿಟ್ಟರೆ ಅದರ ಮೇಲೆ ಬರೀ ಒಂದು ಗುಡ್ಡದ ಚಿತ್ರ, ಗುಡ್ಡದ ಮೇಲೆ ನರಪಿಳ್ಳೆಯೂ ಇಲ್ಲ.

ಗೊತ್ತಪ್ಪ ಕುರ್ಚಿ ತಳ್ಳಿ ಎದ್ದ. ಬೀದಿಯ ಕಿಟಕಿಗೆ ಓಡಿ ಎದುರು ಕಟ್ಟಡದ ಕಡೆ ತಿರುಗಿ ಕೂಗಿದ. "ಮಿಸ್! ಮಿಸ್! ನಮ್ಮವಳು ಕಿಟಕಿ ಸಮೇತ ಕೆಳಗೆ ಹೋಗ್ಬಿಟ್ಟಳು!"

ಮಿಸ್ಸು ಕ್ಲಾಸಿನಲ್ಲಿರಲಿಲ್ಲ. ಕೇಳಿಸಿಕೊಳ್ಳಬಾರದವರೆಲ್ಲ ಕೇಳಿಸಿಕೊಂಡರು. ಬೇಕರಿಯವನು ಹೊರಗೆ ಹಾರಿ ಮೇಲೆ ನೋಡಿದ. ಪೊಲೀಸಪ್ಪ ಬನ್ನಿನ ಅರ್ಧ ನುಂಗಿ, ಅರ್ಧ ಜೇಬಿಗಿಳಿಸಿದ. ಎಲ್ಲಕ್ಕಿಂತ ಚುರುಕು ತೋರಿಸಿದ್ದು ಅಣ್ಣ. "ಅಯ್ಯೋ ನನ್ನ ತಂಗೀ!" ಎಂದವನೇ ಅಂಗಡಿಯಿಂದ ಇಬ್ಬರು ಮಲಗುವ ಹಾಸಿಗೆಯೊಂದನ್ನು ತಲೆಯ ಮೇಲೆ ಹೊತ್ತು, ದಾರಿ ಕಾಣದೆ, ಒಂದು ಸೈಕಲ್ಲನ್ನೂ ಒಬ್ಬ ಪತ್ರಿಕೆ ಮಾರುವವನನ್ನೂ ಬೀಳಿಸಿ, ಕಿಟಕಿಯ ನೇರ ಕೆಳಗೆ ಬಂದು ನಿಂತ.

"ಎಲ್ಲಿ? ಎಲ್ಲಿ ಬೀಳ್ತಿದ್ದಾಳೆ? ಎಡಕ್ಕಾ ಬಲಕ್ಕಾ?"

"ಆಗ್ಲೇ ಬಿದ್ದಾಯ್ತಂತೆ," ಅಂದ ಬೇಕರಿಯವನು.

"ಬಿದ್ದಿದ್ರೆ ಎಲ್ಲಿದ್ದಾಳೆ?"

ನೆಲದ ಮೇಲೆ ಯಾರೂ ಇರಲಿಲ್ಲ. ಮೇಲಿನ ಕಿಟಕಿ ಚೌಕಟ್ಟಿನಲ್ಲಿ ಭದ್ರವಾಗಿತ್ತು. ಇದು ನೇರವಾದ ಪ್ರಕರಣವಲ್ಲ ಎಂದು ಪೊಲೀಸಪ್ಪ ಟೋಪಿ ಸರಿಮಾಡಿಕೊಂಡ. ಮೂವರೂ ಮೆಟ್ಟಿಲು ಹತ್ತಿದರು. ಹಾಸಿಗೆಯೂ ಹತ್ತಿತು, ಅಣ್ಣ ಅದನ್ನು ಬಿಡಲೊಲ್ಲ. ಹಿಂದೆ ಅರ್ಧ ಬೀದಿ ಬಂತು. ಗೊತ್ತಪ್ಪ ಮೇಜಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಕೊನೇ ಸಲ ಅವರನ್ನ ಎಲ್ಲಿ ನೋಡಿದ್ರಿ?" ಪೊಲೀಸಪ್ಪ ವಿಚಾರಣೆಗಿಳಿದ.

"ಈ ಮೇಜಿನ ಮೇಲೆ ಸಾರ್."

"ಮೇಜಿನ ಮೇಲೆ ನಿಂತಿದ್ರಾ?"

"ನಿಲ್ಲೋದೆಲ್ಲಿ ಬಂತು, ಕಾಲೆಲ್ಲಿತ್ತು? ಬರೀ ಮುಖ. ಕತ್ತಿನವರೆಗೆ."

ಪೊಲೀಸಪ್ಪನ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ದೊಡ್ಡ ಕತ್ತರಿಯ ಮೇಲೆ ಹೋಗಿ ಅಲ್ಲೇ ಕೂತಿತು.

"ಆಮೇಲೆ?"

"ಆಮೇಲೆ ಗುಂಡಿ ನೋಡಿದೆ."

"ಗುಂಡಿ," ಅಂದ ಪೊಲೀಸಪ್ಪ, ಮೆಲ್ಲಗೆ.

"ಬಲಮೂಲೇಲಿ ಮೂರು ಗುಂಡಿ ಇವೆ ಸಾರ್. ಮೊದಲನೇ ಗುಂಡೀಲೇ ಅವಳು ಹೋಗ್ಬಿಟ್ಟಳು."

ಅಣ್ಣ ತನ್ನ ಹಾಸಿಗೆಯ ಮೇಲೆ ತಾನೇ ಕುಸಿದ. "ಮೂರು ಗುಂಡಿ! ಇನ್ನೆರಡು ಯಾರಿಗೋ ಪಾಪಿ?"

"ಇನ್ನೆರಡನ್ನ ನಾನು ಮುಟ್ಟಿಲ್ಲ ಭಾವ. ನಿಮ್ಮಾಣೆ."

"ನನ್ನಾಣೆ ಯಾಕಯ್ಯಾ ಹಾಕ್ತೀಯ!"

ಬೇಕರಿಯವನು ಜನರ ಹಿಂದೆ ಸರಿದ. "ಒಂದು ನನಗೇ ಸಾರ್. ಹೋದ ವಾರ ಬನ್ನು ಕಲ್ಲಿನ ಹಾಗಿದೆ ಅಂತ ಜಗಳ ಆಡಿದ್ದ."

ಪೊಲೀಸಪ್ಪ ಕತ್ತರಿಯನ್ನು ದೂರ ಸರಿಸಿ, ಗೊತ್ತಪ್ಪನ ಮುಂದೆ ಕುರ್ಚಿ ಎಳೆದುಕೊಂಡ. ಕೆಟ್ಟ ಮನುಷ್ಯನಲ್ಲ. ದನಿ ತಗ್ಗಿಸಿ ಕೇಳಿದ. "ನೋಡಿ, ಹೆದರ್ಕೋಬೇಡಿ. ನಿಮ್ಮಿಬ್ಬರ ಮಧ್ಯೆ ಜಗಳ ಏನಾದ್ರೂ ಇತ್ತಾ?"

"ಜಗಳ ಆಡೋಕೆ ಅವಳಿದ್ರೆ ತಾನೆ ಸಾರ್?" ಅಂದ ಗೊತ್ತಪ್ಪ. "ಅವಳು ಹೋದಾಗಿನಿಂದ ಈ ಮನೇಲಿ ಒಂದು ಗಟ್ಟಿ ಮಾತಿಲ್ಲ. ಹೊದಿಕೆ ಮಡಿಸೋಕೆ ಇಬ್ಬರು ಬೇಕು ಸಾರ್. ನೀವು ಒಬ್ಬರೇ ಮಡಿಸಿ ನೋಡಿ. ನಾನು ಒಂದು ತುದೀನ ಬಾಗಿಲ ಸಂದಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡ್ಕೊಂಡು ನಿಂತ್ಕೋತೀನಿ. ಬಾಗಿಲು ಹತ್ತಿರ ಬಂದು ಕೈಗೆ ಕೈ ಸೇರಿಸುತ್ತಾ? ನಾನೇ ಹೋಗ್ಬೇಕು."

ಪೊಲೀಸಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಹೋಗು ಅಂದವನು ನಾನೇ. ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ. ಅವಳಿಗೆ ಅಷ್ಟು ಆಸೆಯಿತ್ತು. ವಾರಕ್ಕೊಂದ್ಸಲ ಇಷ್ಟೇ ಇಷ್ಟು ಮುಖ ಕಾಣುತ್ತೆ. ಊಟ ಆಯ್ತಾ ಅಂತೀನಿ. ನಾನು ಕೇಳ್ಬೇಕಂತಿರೋದು ಅದಲ್ಲ. ಯಾವಾಗ ಬರ್ತೀಯ ಅಂತ ಕೇಳ್ಬೇಕು. ಕೇಳಿದ್ರೆ ಅರ್ಧಕ್ಕೇ ಬಿಟ್ಟು ಬಂದುಬಿಟ್ಟಾಳು ಅಂತ ಕೇಳಲ್ಲ. ಇವತ್ತು ದನಿ ಒಡೆದಿತ್ತು, ಕೆನ್ನೆ ಇಳಿದ ಹಾಗಿತ್ತು. ಸ್ವಲ್ಪ ದೊಡ್ಡದಾಗಿ ನೋಡೋಣ ಅಂತ ಒತ್ತಿದೆ. ಅಷ್ಟಕ್ಕೇ ಹೋಗ್ಬಿಟ್ಟಳು."

ಬೇಕರಿಯವನು ಮೂಗು ಒರೆಸಿಕೊಂಡ. ಅಣ್ಣ ಹಾಸಿಗೆಯ ಮೇಲೆ ಸರಿದು, ಗೊತ್ತಪ್ಪನಿಗೂ ಕೂರಲು ಜಾಗ ಮಾಡಿದ. ಪೊಲೀಸಪ್ಪನಿಗೆ ಮಾತ್ರ ಈ ಹೇಳಿಕೆಯನ್ನು ಯಾವ ಅಪರಾಧಕ್ಕೆ ಸೇರಿಸಬೇಕೋ ತಿಳಿಯಲಿಲ್ಲ. "ದೊಡ್ಡದಾಗಿ ನೋಡೋಕೆ ಒತ್ತಿದ್ರಾ? ಏನನ್ನ?"

ಅಷ್ಟರಲ್ಲಿ ತರಕಾರಿ ಚೀಲದೊಂದಿಗೆ ಟೈಪಿಂಗ್ ಮಿಸ್ಸು ಜನರನ್ನು ಸೀಳಿಕೊಂಡು ಒಳಗೆ ಬಂದರು. ಹಾಸಿಗೆ ನೋಡಿದರು. ಪೊಲೀಸಪ್ಪನನ್ನು ನೋಡಿದರು. ಕೊನೆಗೆ ಪರದೆ ನೋಡಿದರು.

"ಏನ್ರೀ ಇದು ಗಲಾಟೆ? ಮಿನಿಮೈಜ್ ಮಾಡಿದ್ದೀರಿ, ಅಷ್ಟೇ."

"ಅಂದ್ರೆ ಜೀವಕ್ಕೇನೂ ಅಪಾಯ ಇಲ್ವಾ?" ಎಂದ ಅಣ್ಣ.

"ಅಡ್ಡಗೆರೆ ಒತ್ತಿದ್ರೆ ಕಿಟಕಿ ಮುಚ್ಚಲ್ಲ, ಕೆಳಗಿನ ಪಟ್ಟೀಲಿ ಹೋಗಿ ಕೂತಿರುತ್ತೆ. ಒಳಗೆ ಎಲ್ಲಾ ನಡೀತಾನೇ ಇರುತ್ತೆ." ಮಿಸ್ಸು ಪರದೆಯ ಮೇಲಿನ ಕ್ಯಾಮೆರಾದತ್ತ ಬೆರಳು ತೋರಿಸಿದರು. "ನೋಡಿ, ದೀಪ ಉರೀತಿದೆ. ಇಷ್ಟು ಹೊತ್ತೂ ಅವರು ನಿಮ್ಮನ್ನೆಲ್ಲ ನೋಡ್ತಿದ್ದಾರೆ. ಕೇಳಿಸ್ಕೊಂಡೂ ಇದ್ದಾರೆ."

ಗೊತ್ತಪ್ಪನ ಕಿವಿ ಕೆಂಪಾಯಿತು. ಬೇಕರಿಯವನು ಅವಸರದಲ್ಲಿ ಅಂಗಿಯ ಗುಂಡಿ ಹಾಕಿಕೊಂಡ.

ಮಿಸ್ಸು ಪರದೆಯ ತಳದ ಪಟ್ಟಿಯಲ್ಲಿದ್ದ ಪುಟ್ಟ ಗುರುತನ್ನು ಒತ್ತಿದರು. ಕಿಟಕಿ ಚಿಮ್ಮಿ ಮೇಲೆ ಬಂತು. ಅದರೊಳಗೆ ಸಿಸ್ಟರಮ್ಮ. ಕಣ್ಣು ತುಂಬ ನೀರು, ಬಾಯಿ ತುಂಬ ನಗು, ಏನೋ ಹೇಳುತ್ತಿದ್ದಾಳೆ, ಸದ್ದಿಲ್ಲ.

"ಇವರೇನಾ ಮೃತರು?" ಎಂದ ಪೊಲೀಸಪ್ಪ.

ಮಿಸ್ಸು ಸ್ಪೀಕರಿನ ವೈರು ಹುಡುಕಿ ಸಿಕ್ಕಿಸಿದರು. ಮೊದಲ ಮಾತು ಅಣ್ಣನಿಗೆ ಬಂತು. "ಅಣ್ಣಾ, ಏಳೋ ಮೇಲೆ, ಹೊಸ ಹಾಸಿಗೆ ಕೊಳೆಯಾಗುತ್ತೆ!" ಎರಡನೆಯದು ಪೊಲೀಸಪ್ಪನಿಗೆ. "ಸಾರ್, ನಮ್ಮೆಜಮಾನ್ರು ಇರುವೇನೂ ತುಳಿಯಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. ಒಡೆದ ದನಿಯಲ್ಲೇ ಕೇಳಿದಳು. "ರೀ, ಹೊದಿಕೆ ಯಾವ ಬಾಗಿಲಿಗೆ ಸಿಕ್ಕಿಸ್ತೀರಿ?"

"ಅಡುಗೆಮನೇದಕ್ಕೆ," ಅಂದ ಗೊತ್ತಪ್ಪ, ನೆಲ ನೋಡುತ್ತ.

"ಅದು ಎಣ್ಣೆ ಜಿಡ್ಡು. ಮಲಗೋ ಕೋಣೇದಕ್ಕೆ ಸಿಕ್ಕಿಸಿ."

ಬೇರೆ ಮನೆಗಳಲ್ಲಾದರೆ ಇದನ್ನು ಸರಸವೆಂದು ಯಾರೂ ಒಪ್ಪಲಿಕ್ಕಿಲ್ಲ. ಆದರೆ ಅದನ್ನು ಕೇಳಿ ಪೊಲೀಸಪ್ಪ ಎದ್ದು ಟೋಪಿ ತೆಗೆದ.

"ಮಿಸ್," ಅಂದ ಗೊತ್ತಪ್ಪ. "ಅವತ್ತಿನ ಪಾಠ ಇನ್ನೊಂದ್ಸಲ ಹೇಳ್ಕೊಡ್ತೀರಾ? ನಂಗೆ ಒಂದೂ ಗೊತ್ತಿಲ್ಲ."

ಬೀದಿಯ ಇತಿಹಾಸದಲ್ಲೇ ಕೇಳದ ಮಾತು. ಬೇಕರಿಯವನು ಗೋಡೆ ಹಿಡಿದುಕೊಂಡ. ಪಾಠ ಶುರುವಾಯಿತು. ಪೊಲೀಸಪ್ಪ ಹಾಸಿಗೆಯ ಒಂದು ತುದಿಯಲ್ಲಿ, ಅಣ್ಣ ಇನ್ನೊಂದು ತುದಿಯಲ್ಲಿ, ಕಿಟಕಿಯೊಳಗಿಂದ ಸಿಸ್ಟರಮ್ಮ.

"ನೆತ್ತಿ ಮೇಲಿನ ಪಟ್ಟಿ ಹಿಡಿದು ಎಳೆದ್ರೆ ಇಡೀ ಕಿಟಕಿ ನಿಮ್ಮ ಜೊತೆ ಬರುತ್ತೆ."

"ಕಾಲರ್ ಹಿಡಿದು ಎಳೆದ ಹಾಗೆ," ಅಂದ ಪೊಲೀಸಪ್ಪ. ಅವನಿಗೆ ಕೂಡಲೇ ಅರ್ಥವಾಯಿತು.

"ಅಂಚು ಹಿಡಿದು ಎಳೆದ್ರೆ ಅಗಲ ಆಗುತ್ತೆ, ತಳ್ಳಿದ್ರೆ ಕಿರಿದಾಗುತ್ತೆ."

"ಬಿಚ್ಚಿ ಸಡಿಲ ಮಾಡೋದು, ಹಿಡಿದು ಹೊಲಿಯೋದು," ಅಂದ ಗೊತ್ತಪ್ಪ.

"ಮೇಲಿನದು ಕೆಳಗಿನದು ಪೂರ್ತಿ ಕಾಣದಿದ್ರೆ ಬಲಗಡೆ ಅಂಚಿನಲ್ಲಿ ಒಂದು ಉದ್ದ ಪಟ್ಟಿ ಬರುತ್ತೆ. ಅದನ್ನ ಜಗ್ಗಿದ್ರೆ ಒಳಗಿರೋದು ಮೇಲೆ ಕೆಳಗೆ ಸರಿಯುತ್ತೆ."

"ಹಾಗಾದ್ರೆ ತಂಗಿ ಕಾಲು ನೋಡಬಹುದಾ?" ಎಂದ ಅಣ್ಣ. "ಚಪ್ಪಲಿ ಹಾಕಿದ್ದಾಳೋ ಇಲ್ವೋ, ಶೀತ ಬೇರೆ." ಕ್ಯಾಮೆರಾಕ್ಕೆ ಕಂಡಷ್ಟೇ ಇಲ್ಲಿಗೂ ಕಾಣುವುದು ಎಂದು ಅವನಿಗೆ ಒಪ್ಪಿಸುವುದರಲ್ಲಿ ಮಿಸ್ಸಿಗೆ ಸಾಕುಸಾಕಾಯಿತು. ಕೊನೆಗೆ ಸಿಸ್ಟರಮ್ಮನೇ ಕಾಲು ಎತ್ತಿ ಕಾಲುಚೀಲ ತೋರಿಸಿದಳು.

"ಇನ್ನು ಮೂರು ಗುಂಡಿ," ಅಂದರು ಮಿಸ್ಸು. "ಅಡ್ಡಗೆರೆ ಕೆಳಗಿಳಿಸುತ್ತೆ. ಚೌಕ ಪರದೆ ತುಂಬಾ ಮಾಡುತ್ತೆ. ಇಂಟು ಒತ್ತಿದ್ರೆ ಮಾತ್ರ ನಿಜವಾಗ್ಲೂ ಮುಚ್ಚುತ್ತೆ."

ಜನ ಕರಗಿದರು. ಹಾಸಿಗೆ ಬಂದ ದಾರಿಯಲ್ಲೇ ಇಳಿಯಿತು. ಬೇಕರಿಯವನು ಮೆಟ್ಟಿಲಿನಿಂದಲೇ, "ಇವತ್ತಿನ ಬನ್ನು ಮೃದುವಾಗಿದೆ, ಕಳಿಸ್ತೀನಿ" ಎಂದು ಕೂಗಿ ಹೋದ.

ಗೊತ್ತಪ್ಪ ನಡುವಿನ ಚೌಕ ಒತ್ತಿದ. ಅವಳು ಪರದೆ ತುಂಬ ಬಂದಳು.

ಕೆನ್ನೆ ಇಳಿದದ್ದು ಬೆಳಕಿನ ತಪ್ಪಲ್ಲ. ಕಣ್ಣ ಕೆಳಗೆ ಕಪ್ಪು. ಬೈತಲೆಯ ಬಳಿ ಬಿಳಿ ಹೆಚ್ಚಾಗಿತ್ತು. ಬೆನ್ನ ಹಿಂದೆ ಬೋಳು ಗೋಡೆ, ಗೋಡೆಗೊಂದು ಮೊಳೆ, ಮೊಳೆಗೆ ಅವಳ ಬಿಳಿ ಕೋಟು. ಕಿರಿದಾದ ಕಪಾಟಿನ ಮೇಲೆ ಒಂದೇ ಒಂದು ಲೋಟ. ಇಷ್ಟು ತಿಂಗಳು ಇದ್ಯಾವುದೂ ಅವನಿಗೆ ಕಂಡಿರಲಿಲ್ಲ. ಅವಳೂ ಹೇಳಿರಲಿಲ್ಲ.

"ಚೆನ್ನಾಗಿದ್ದೀನಿ ಅಂತ ಹೇಳ್ತಿದ್ದೆಯಲ್ಲ ಪ್ರತಿ ವಾರ?"

"ನೀವೂ ಹೇಳ್ತಿದ್ರಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲಿ ಹೊದಿಕೆ ಆಸ್ಪತ್ರೆಯವರೇ ಮಡಿಸಿ ತಂದುಕೊಡ್ತಾರೆ ರೀ. ಎಷ್ಟು ಚೆನ್ನಾಗಿ ಮಡಿಸಿರ್ತಾರೆ ಗೊತ್ತಾ? ನೋಡಿದ್ರೇ ಸಿಟ್ಟು ಬರುತ್ತೆ."

ಅವನು ನಕ್ಕ. ಆಮೇಲೆ ಕೇಳಿಯೇ ಬಿಟ್ಟ. "ಯಾವಾಗ ಬರ್ತೀಯ?"

"ಮುಗಿಸ್ಕೊಂಡು ಬರ್ತೀನಿ. ಇಲ್ಲೊಂದು ಮಗು ಇದೆ, ನಾನು ಹಿಡಿದ್ರೆ ಮಾತ್ರ ಸೂಜಿಗೆ ಕೈ ಕೊಡುತ್ತೆ. ಆದ್ರೆ ಪ್ರತಿ ವಾರ ನೀವು ಹೀಗೇ ಕೇಳಿ. ಕೇಳಿದ್ರೆ ನಾನೇನೂ ಅರ್ಧಕ್ಕೆ ಬಿಟ್ಟು ಬರಲ್ಲ. ಕೇಳದಿದ್ರೇ ಕಷ್ಟ."

ಅವಳ ಡ್ಯೂಟಿಗೆ ಹೊತ್ತಾಗಿತ್ತು. "ಇಂಟು ಒತ್ತಿ, ನಾನು ಹೊರಡ್ತೀನಿ," ಅಂದಳು.

"ನೀನೇ ಒತ್ತು."

"ನಾನು ಒತ್ತಲ್ಲ."

"ನನ್ನ ಕೈಲೂ ಆಗಲ್ಲ."

ಹಾಗೇ ಕೂತರು. ಕೊನೆಗೆ ಅವಳೇ ಉಪಾಯ ಹೇಳಿದಳು. "ಕೆಳಗಿಳಿಸಿ ಇಟ್ಕೊಳ್ಳಿ. ನೀವು ನಿಮ್ಮ ಹೊಲಿಗೆ ನೋಡಿ, ನಾನು ಹೊರಡೋ ತಯಾರಿ ಮಾಡ್ತೀನಿ."

ಗೊತ್ತಪ್ಪ ಅಡ್ಡಗೆರೆ ಒತ್ತಿದ. ಈ ಸಲ ಅವಳು ಕುಗ್ಗಿ ಇಳಿಯುವುದನ್ನು ಹೆದರದೆ ನೋಡಿದ. ಮಿಷನ್ನಿನ ಮುಂದೆ ಕೂತು, ತೋಳಿಲ್ಲದ ಅಂಗಿಯೊಂದಕ್ಕೆ ತೋಳು ಸೇರಿಸತೊಡಗಿದ. ಬೆನ್ನ ಹಿಂದೆ ಸ್ಪೀಕರಿನಲ್ಲಿ ನಲ್ಲಿಯ ನೀರು ಬಿತ್ತು. ಕಪಾಟಿನ ಬಾಗಿಲು ಕಿರುಗುಟ್ಟಿತು. ಲೋಟ ಇಟ್ಟ ಸದ್ದಾಯಿತು. ಬಾಚಣಿಗೆ ಬಿತ್ತು, "ಥೂ" ಅಂದಳು. ಅವನು ಪಾದದಡಿಯ ತುಳಿಹಲಗೆ ನಿಧಾನ ಮಾಡಿದ, ಏನೂ ತಪ್ಪಿಹೋಗಬಾರದೆಂದು. ಕೊನೆಗೆ ಚಪ್ಪಲಿಯ ಸದ್ದು, "ಬರ್ತೀನಿ ರೀ" ಎಂಬ ಮಾತು, ಬಾಗಿಲು ಎಳೆದುಕೊಂಡ ಸದ್ದು.

ಆಮೇಲೆ ಬರೀ ಆ ಖಾಲಿ ಕೋಣೆಯ ಸದ್ದು. ಎಲ್ಲೋ ದೂರದಲ್ಲಿ ಒಂದು ಗಾಡಿ ಹೋಯಿತು. ಅವಳ ಬೀದಿಯ ಗಾಡಿ. ಅದನ್ನೂ ಅವನು ಕೇಳಿಸಿಕೊಂಡ.

ಕೆಳಗಿನಿಂದ ಬೇಕರಿಯವನು ಕೂಗಿದ. "ಏನಪ್ಪಾ, ಸಿಸ್ಟರಮ್ಮ ಇದ್ದಾರಾ ಹೋದ್ರಾ?"

ಗೊತ್ತಪ್ಪ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಕೆಲಸಕ್ಕೆ ಹೋದಳು," ಅಂದ. "ಬರ್ತಾಳೆ."